ಬಂದೆ ಮರಿ, ಒಂದ್ನಿಮಿಷ

ಪಾತ್ರೆ ತೊಳೆಯುತ್ತಿದ್ದೆ. ಮಲಗುವ ಕೋಣೆಯಿಂದ ನನ್ನದೇ ದನಿ ಕೇಳಿಸಿತು: "ಬಂದೆ ಮರಿ, ಒಂದ್ನಿಮಿಷ."

ನಾನು ಬಾಯಿ ತೆರೆದಿರಲಿಲ್ಲ.

ಕೈಯ ನೊರೆ ಹಾಗೆಯೇ ಇಟ್ಟುಕೊಂಡು ಹೋಗಿ ನೋಡಿದೆ. ಇನ್ನೂ ಶಾಲೆ ಸೇರದ ನನ್ನ ಮಗಳು ಹಾಸಿಗೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ನಮ್ಮ ಕಂಪನಿಯ ಕಥೆಪೆಟ್ಟಿಗೆ. ಗುಂಡಿ ಒತ್ತಿದರೆ ಕಥೆ ಹೇಳುವ ಇಟ್ಟಿಗೆ ಗಾತ್ರದ ಹಳದಿ ಡಬ್ಬಿ. ಅದರಲ್ಲಿ ಕಥೆ ಹೇಳುತ್ತಿದ್ದವಳು ನಾನು. ಈಗ ಹೇಳುವುದು ನನ್ನ ದನಿ ಕಲಿತ ಯಂತ್ರ. ಮಗಳು ಮಾತ್ರ ಡಬ್ಬಿಯ ಕಡೆ ನೋಡದೆ ಬಟ್ಟೆ ಬೀರುವಿನ ಬಾಗಿಲನ್ನೇ ನೋಡುತ್ತಿದ್ದಳು.

"ಏನ್ ನೋಡ್ತಿದೀಯೇ?"

"ಅಮ್ಮ ಬರ್ತಾಳೆ."

"ನಾನು ಇಲ್ಲೇ ಇದೀನಲ್ಲೇ, ಪೆದ್ದಿ."

"ನೀನಲ್ಲ. ಒಳಗಿರೋ ಅಮ್ಮ."

ಅವಳು ಹುಟ್ಟಿದ ಮೇಲೆ ಆಫೀಸಿಗೆ ಹೋಗುವುದನ್ನು ಬಿಟ್ಟು, ಆ ಬೀರುವಿನೊಳಗೆ ಕೂತೇ ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದೆ. ತೂಗುಹಾಕಿದ ಬಟ್ಟೆಗಳ ನಡುವೆ ದನಿ ಸ್ವಚ್ಛವಾಗಿ ಬರುತ್ತದೆ. ಹೊರಗೆ ಇವಳು ಅತ್ತರೆ ಮೈಕಿನ ಮುಂದಿನಿಂದಲೇ "ಬಂದೆ ಮರಿ" ಎಂದು ಕೂಗಿ, ಹಿಡಿದ ಪುಟ ಮುಗಿಸಿ ಏಳುತ್ತಿದ್ದೆ. ಆ ಕೂಗುಗಳನ್ನೆಲ್ಲ ಕಂಪನಿಯ ಸೌಂಡ್ ಎಂಜಿನಿಯರ್ ಆಮೇಲೆ ಕತ್ತರಿಸಿ ತೆಗೆಯುತ್ತಿದ್ದರು. ಸದಾ ಕಿವಿ ಮುಚ್ಚಿಕೊಂಡೇ ಓಡಾಡುವ ಅವರಿಗೆ ಎಲ್ಲರೂ ಇಟ್ಟ ಹೆಸರು ಹೆಡ್‌ಫೋನ್.

ಕಂಪನಿಗೆ ಕೃತಕ ಬುದ್ಧಿಮತ್ತೆ ಬಂದಾಗ ಅದೇ ಹೆಡ್‌ಫೋನ್ ಕತ್ತರಿಸದ ರೆಕಾರ್ಡಿಂಗುಗಳನ್ನೇ ಕೊಡಿ ಎಂದರು. "ಉಸಿರು, ಕೆಮ್ಮು, ತೊದಲು ಎಲ್ಲಾ ಇರ್ಲಿ ಅಕ್ಕ. ಆಗ್ಲೇ ಅದು ಮನುಷ್ಯರ ಹಾಗೆ ಮಾತಾಡೋದು." ಒಪ್ಪಿಯೇ ಕೊಟ್ಟೆ. ಯಂತ್ರ ಎಲ್ಲವನ್ನೂ ಕಲಿಯಿತು. ಕಥೆಯ ನಡುವೆ ಮಗುವನ್ನು ಕೂಗುವುದೂ ಕಥೆ ಹೇಳುವ ಕ್ರಮವೇ ಎಂದುಕೊಂಡಿತು.

ನಮ್ಮ ಯಜಮಾನರಿಗೆ ಹೇಳಿದರೆ ನಕ್ಕುಬಿಟ್ಟರು. "ಒಬ್ಬಳ ಹತ್ರ ಬೈಸ್ಕೊಂಡೇ ಸಾಕಾಗಿದೆ. ಈಗ ಇಬ್ರಾ?" ನಾನೂ ನಕ್ಕೆ.

ಒಂದು ದಿನ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಕೆಳಗಿನಿಂದ "ಅಮ್ಮಾ" ಎಂಬ ಕೂಗು ಕೇಳಿತು. "ಬಂದೆ ಮರಿ!" ಎಂದೆ. ಮತ್ತೆ ಸದ್ದಿಲ್ಲ. ಸರಿಹೋಯಿತೇನೋ ಎಂದುಕೊಂಡು ಉಳಿದ ಹೊದಿಕೆಯನ್ನೂ ಹಿಂಡಿ ಹಾಕಿ ಇಳಿದು ಬಂದೆ. ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ತುಟಿ ಒಡೆದು ಅಂಗಿಯ ಎದೆಯೆಲ್ಲ ರಕ್ತ. ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು, ಅಳದೆ.

"ಇನ್ನೊಂದ್ಸಲ ಕೂಗ್ಬಾರ್ದಿತ್ತೇನೇ ಕಂದ?"

"ಬಂದೆ ಅಂತು. ಅದಕ್ಕೇ ಸುಮ್ನಾದೆ."

'ನೀನು ಅಂದ್ಯಲ್ಲ' ಎನ್ನಬೇಕಾದವಳು 'ಅಂತು' ಎಂದಳು. ಗಾಳಿ ಬೀಸಿತು, ಬಾಗಿಲು ಬಡಿಯಿತು ಎನ್ನುವ ಹಾಗೆ. ತುಟಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದೆ. ನಾನು ಕೂಗಿದರೆ ಅದು ನಾನೇ ಎಂದು ನನ್ನ ಮಗಳಿಗೆ ಗೊತ್ತಾಗಬೇಕು. ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಿರಲಿಲ್ಲ.

ಮರುದಿನ ಅವಳನ್ನು ಕಂಕುಳಿಗೇರಿಸಿಕೊಂಡು ಆಫೀಸಿಗೆ ಹೋದೆ. ಬಣ್ಣಬಣ್ಣದ ದಿಂಬುಗಳ ಕೋಣೆಯಲ್ಲಿ ನಮ್ಮ ಮುಖ್ಯಸ್ಥೆ ಎಲ್ಲ ಕೇಳಿಸಿಕೊಂಡರು.

"ಆ 'ಬಂದೆ ಮರಿ' ತೆಗೆಯೋದಾ? ಅಪ್ಪ ಅಮ್ಮಂದಿರಿಗೆ ಇಷ್ಟ ಆಗಿರೋದೇ ಅದು ರೀ! ಮಕ್ಕಳು ಅಳು ನಿಲ್ಸಿ ಬಾಗಿಲು ನೋಡ್ಕೊಂಡು ಕೂತ್ಕೋತಾವಂತೆ."

"ಕಾಯ್ತಾ ಕೂತಿರ್ತಾವೆ ಮೇಡಂ."

"ಸುಮ್ನಿರ್ತಾವಲ್ಲ?"

ಹೊರಗೆ ಓಣಿಯಲ್ಲಿ ಹೆಡ್‌ಫೋನ್ ಒಂದು ಕಿವಿ ತೆರೆದು ಪಿಸುಗುಟ್ಟಿದರು. "ತೆಗೀರಿ ಅಂದ್ರೂ ತೆಗೆಯೋಕಾಗಲ್ಲ ಅಕ್ಕ, ಹಾಲಲ್ಲಿ ಸಕ್ಕರೆ ಕರಗಿಹೋಗಿದೆ. ಆ ಮಾತು ಬಂದಾಗ ಸದ್ದು ಅಡಗಿಸಬಹುದು, ಅಷ್ಟೇ. ಮನೇಲಿ ಮಾಡಿ ನೋಡ್ದೆ."

"ಆಮೇಲೆ?"

"ಆ ಜಾಗ ಖಾಲಿ ಬಿಡುತ್ತೆ. ಖಾಲಿ ಬಂದಾಗ್ಲೂ ನನ್ನ ಮಗ ಬಾಗಿಲ ಕಡೆ ತಿರುಗ್ದ." ತೆರೆದ ಕಿವಿಯನ್ನು ಮತ್ತೆ ಮುಚ್ಚಿಕೊಂಡರು.

ಮನೆಗೆ ಬಂದವಳೇ ನಮ್ಮ ಡಬ್ಬಿಯನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಆ ಮಾತನ್ನೂ ಬಿಟ್ಟೆ. ಬಂದೆ ಎನ್ನುವಾಗ ನಾವ್ಯಾರೂ ಬಂದಿರುವುದಿಲ್ಲ, ಒಲೆಯ ಮುಂದೆಯೇ ನಿಂತಿರುತ್ತೇವೆ. ಎಲ್ಲ ತಾಯಂದಿರೂ ಹಾಗೆಯೇ. ಹಿಂದೆಯೇ ಹೆಜ್ಜೆಯ ಸದ್ದು ಬರುತ್ತದೆ, ಅದಕ್ಕೇ ಅದು ಸುಳ್ಳಾಗುವುದಿಲ್ಲ. ಈಗ ಮಗಳು ಕರೆದರೆ ನಾನು ಉತ್ತರ ಕೊಡುವುದಿಲ್ಲ. ಹಿಟ್ಟಿನ ಕೈಯಲ್ಲೇ ಹೋಗಿ ಎದುರು ನಿಲ್ಲುತ್ತೇನೆ. ಮೊದಮೊದಲು ಅವಳು ನನ್ನ ಕೆನ್ನೆ ಮುಟ್ಟಿ ನೋಡುತ್ತಿದ್ದಳು.

ನಿನ್ನೆ ಸಂಜೆ ಮೇಲಿನ ಮನೆಯ ಮಗು ಜೋರಾಗಿ ಅಳುತ್ತಿತ್ತು. ಸಾರು ಕುದಿಯುತ್ತಿತ್ತು. ಇದ್ದಕ್ಕಿದ್ದ ಹಾಗೆ ಚಾವಣಿಯ ಆಚೆಯಿಂದ ನನ್ನ ದನಿ, ಮಂಕಾಗಿ, ಮುದ್ದಾಗಿ. ಅಳು ಥಟ್ಟನೆ ನಿಂತಿತು.

ಚಿತ್ರ ಬರೆಯುತ್ತಿದ್ದ ಮಗಳು ತಲೆ ಎತ್ತಿದಳು. "ನೀನಾ?"

"ಅಲ್ಲ."

ಒಲೆ ಆರಿಸಿ ಮೆಟ್ಟಿಲು ಹತ್ತಿದೆ. ಅವಳೂ ನನ್ನ ಬಟ್ಟೆ ಹಿಡಿದು ಹಿಂದೆ ಬಂದಳು. ಮೇಲಿನ ಮನೆಯ ಬಾಗಿಲು ಸುಮ್ಮನೆ ಮುಚ್ಚಿತ್ತಷ್ಟೆ, ತಳ್ಳಿ ಒಳಗೆ ಹೋದೆ. ಒಳಕೋಣೆಯಲ್ಲಿ ಅಜ್ಜಿಯ ಗೊರಕೆ. ನಡುಮನೆಯಲ್ಲಿ ಹಳದಿ ಡಬ್ಬಿಯ ಪಕ್ಕ ಪುಟ್ಟ ಹುಡುಗ ನಿಂತಿದ್ದ. ಬಿಚ್ಚಲು ಹೋದ ಅಂಗಿ ತಲೆಗೆ ಸಿಕ್ಕಿಕೊಂಡು, ಎರಡೂ ಕೈ ಮೇಲೆ, ಮುಖ ಪೂರ್ತಿ ಮುಚ್ಚಿಹೋಗಿತ್ತು. ಅಲ್ಲಾಡದೆ ಕಾಯುತ್ತಿದ್ದ.

ಅಂಗಿ ಎಳೆದು ತೆಗೆದೆ. ಕೆಂಪಗೆ ಬೆವೆತ ಮುಖ ಹೊರಬಂತು. ನನ್ನನ್ನು ನೋಡಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಎಷ್ಟ್ ಹೊತ್ತು!" ಎಂದು ಗದರಿದ.

ನನ್ನ ಮಗಳು ಮುಂದೆ ಬಂದು ನನ್ನ ಕೈ ಹಿಡಿದುಕೊಂಡಳು. "ಇವಳು ಅವಳಲ್ಲ ಕಣೋ. ಇವಳು ನಮ್ಮಮ್ಮ. ಬರೋಳು."

ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ನನ್ನನ್ನು ದಾಟಿ, ತೆರೆದ ಬಾಗಿಲಾಚೆಯ ಖಾಲಿ ಮೆಟ್ಟಿಲುಗಳ ಕಡೆ ಕತ್ತು ಉದ್ದ ಮಾಡಿದ.

"ಮತ್ತೆ ಅವಳು ಯಾವಾಗ ಬರ್ತಾಳೆ?"