ಹಲಗೆ ತಿರುಗಿಸಬಾರದು

"ಅಲ್ಲಾಡಬೇಡ್ವೋ, ಚುಚ್ಚಿಬಿಟ್ಟೀನು," ಅಂತ ಗದರಿದ ಕಾಜದವನು, ಹಲ್ಲಲ್ಲಿ ದಾರ ಕಚ್ಚಿಕೊಂಡೇ. ಗದರಿದ್ದು ಹೆಣಕ್ಕೆ.

ಸತ್ತವನು ಟೈಲರ್. ಊರವರ ಮೈಯೆಲ್ಲ ಅಳೆದು ಹೊಲಿದ ಮನುಷ್ಯನ ಬೀರುವಿನಲ್ಲಿ ನೆಟ್ಟಗಿರೋದು ಒಂದೇ ಅಂಗಿ, ಅದಕ್ಕೂ ಎದೆ ಹತ್ರ ಗುಂಡಿ ಇಲ್ಲ. ಅಂಗಡಿ ಮುಚ್ಚೋವರೆಗೂ ಅವನ ಪಕ್ಕದ ಸ್ಟೂಲಿನಲ್ಲಿ ಕೂತು ಕಾಜ ಹಾಕ್ತಿದ್ದ ಈ ಗೆಳೆಯ ಬಂದವನೇ ನೋಡಿದ. ಅಳೋದನ್ನ ಆಮೇಲೆ ನೋಡ್ಕೊಳ್ಳೋಣ ಅಂತ ಜೇಬಿಂದ ಸೂಜಿ ತೆಗೆದ.

"ತೊಡಿಸೋ ಮುಂಚೆ ಹಚ್ಚಬಾರದಿತ್ತಾ?" ಅಂದ್ಲು ಪಕ್ಕದ ಮನೆಯಾಕೆ.

"ತೊಡಿಸೋ ಮುಂಚೆ ಯಾರು ನೋಡಿದ್ರು ತಾಯಿ? ಬದುಕಿದ್ದಾಗಲೇ ಯಾರೂ ನೋಡ್ಲಿಲ್ಲ."

ಸೂಜಿ ಹೆಣಕ್ಕೆ ಚುಚ್ಚಲಿಲ್ಲ, ಮಾತು ಅಕ್ಕನಿಗೆ ಚುಚ್ಚಿತು. ಅಕ್ಕ ಅಂದ್ರೆ ಟೈಲರನ ಒಡಹುಟ್ಟಿದ ಅಕ್ಕ, ಬೀದಿಗೆಲ್ಲ ಅಕ್ಕ. ಅವಳಿಗೆ ಮದುವೆ ಕೂಡಿಬರಲಿಲ್ಲ, ಅವನು ಮಾಡಿಕೊಳ್ಳಲಿಲ್ಲ. ಎರಡು ಕೋಣೆಯ ಮನೇಲಿ ಇಬ್ಬರೇ ಮುದುಕರಾದರು. ಈಗ ಅವಳು ತಮ್ಮನ ಕೋಣೆ ಬಾಗಿಲಿಗೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕೂತಿದ್ದಳು.

ತೀರಿಹೋದ ತಂಗಿಯ ಮಗ ಬಂದ. ಹೊಟ್ಟೆ ಬಂದ ದೊಡ್ಡ ಆಳು, ಕೆಲಸ ಅಂದ್ರೆ ಮುನ್ನುಗ್ಗೋ ಸ್ವಭಾವ. "ದೊಡ್ಡಮ್ಮ, ಸ್ವಲ್ಪ ಏಳಿ. ಜನ ಬಿಸಿಲಲ್ಲಿ ನಿಂತಿದ್ದಾರೆ. ಮಾವನ ಆ ಮಿಷನ್ ಎತ್ತಿ ಹಿಂದಕ್ಕೆ ಹಾಕಿದ್ರೆ ಒಳಗೆ ನಾಲ್ಕು ಜನ ಕೂರಬಹುದು."

"ಮುಟ್ಟಬೇಡ."

"ಅಲ್ಲ, ನಿಮಗೇ ಅದು ಆಗ್ತಿರಲಿಲ್ವಲ್ಲ? ಫೋನ್ ಮಾಡಿದಾಗಲೆಲ್ಲ ಅದಕ್ಕೇ ಬೈತಿದ್ರಿ."

"ಬೈತಿದ್ದೆ. ಮುಟ್ಟಬೇಡ ಅಂದೆ."

ಅವನು ಹುಬ್ಬೇರಿಸಿ ಹೋದ. ಅಕ್ಕ ಬೆನ್ನನ್ನ ಬಾಗಿಲಿಗೆ ಇನ್ನೂ ಒತ್ತಿದ್ಲು.

*

ನಿನ್ನೆ ಸಂಜೆಯ ಮಾತು. ಅಕ್ಕನಿಗೆ ಬೆಳಿಗ್ಗೆಯಿಂದ ತಲೆನೋವು, ಒಳಗೆ ತಮ್ಮನ ಮಿಷನ್ನಿನ ಅದೇ ಗರಗರ. ಮರದ ಹಲಗೇಲಿ ಅವನು ಏನು ಕೊಯ್ತಾನೆ ಅಂತ ಅವಳು ಕೇಳಿದವಳಲ್ಲ, ಅವನು ಹೇಳಿದವನಲ್ಲ. ಇಬ್ಬರಿಗೂ ಜಗಳ ಇತ್ತು ಅಂದ್ಕೋಬೇಡಿ. ಇದ್ದಿದ್ರೆ ಚೆನ್ನಾಗಿತ್ತು. ಜಗಳಕ್ಕಾದ್ರೂ ಎದುರಾಬದುರು ನಿಲ್ಲಬೇಕಲ್ಲ! ಇವರದ್ದು ಹಾಗಲ್ಲ, ಮಾತು ಸುಮ್ಮನೆ ಸವೆದು ಹೋಗಿತ್ತು, ಚಪ್ಪಲಿ ಸವೆದ ಹಾಗೆ. ಅವಳು ಊಟ ಮುಚ್ಚಿಟ್ಟು ಮಲಗೋಳು, ಅವನು ಆಮೇಲೆ ಬಂದು ತಿಂದು ತಟ್ಟೆ ತೊಳೆದಿಡೋನು. ತೊಳೆದ ತಟ್ಟೆ ನೋಡಿ ಇವಳು ತಮ್ಮ ಇದ್ದಾನೆ ಅಂತ ತಿಳ್ಕೊಳ್ಳೋಳು.

ತಡೆಯೋಕಾಗದೆ ಸೌಟು ಹಿಡ್ಕೊಂಡೇ ಹೋಗಿ ಬಾಗಿಲು ಬಡಿದಳು. "ನಿಲ್ಲಿಸೋ ಅದನ್ನ! ನಾನು ಸತ್ತಮೇಲೆ ಕೊಯ್ಕೋ, ಹೊಟ್ಟೆ ತುಂಬಾ ಕೊಯ್ಕೋ!"

ಗರಗರ ತಟ್ಟನೆ ನಿಂತಿತು. "ಆಯ್ತಕ್ಕಾ," ಅಂದ ಒಳಗಿಂದ. ಅಷ್ಟೇ.

ಬೆಳಿಗ್ಗೆ ತಟ್ಟೆ ತೊಳೆದಿಟ್ಟಿತ್ತು. ತಮ್ಮ ಮಾತ್ರ ನಡುಮನೆ ಮಂಚದ ಮೇಲೆ ತಣ್ಣಗಾಗಿದ್ದ.

ಆ "ಆಯ್ತಕ್ಕಾ" ಯಾವ ದನಿಯಲ್ಲಿ ಬಂತು? ಸಿಟ್ಟಾ? ಬೇಜಾರಾ? ಬೆಳಿಗ್ಗೆಯಿಂದ ಅದನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ತಿದ್ಲು. ಬಾಗಿಲು ಮಧ್ಯ ಇತ್ತಲ್ಲ, ಮುಖ ಕಂಡಿರಲಿಲ್ಲ. ತನ್ನ ಮಾತಿಗೇ ರೋಸಿಹೋಗಿ ಎಲ್ಲ ಎತ್ತಿ ಬಿಸಾಕಿ ಮಲಗಿದ್ನಾ? ಬಾಗಿಲು ತೆಗೆದ್ರೆ ಗೊತ್ತಾಗುತ್ತೆ. ಅದಕ್ಕೇ ತೆಗೀಲಿಲ್ಲ.

*

ಹಾರ್ಡ್‌ವೇರ್ ಅಂಗಡಿಯವನು ಬಂದಾಗ ಕೈಯಲ್ಲಿ ಹೂವಿರಲಿಲ್ಲ, ಒಂದು ಸಣ್ಣ ಪೊಟ್ಟಣ ಇತ್ತು. ಕೊಡಬೇಕೋ ಬೇಡವೋ ಅಂತ ಅದನ್ನ ಈ ಕೈಯಿಂದ ಆ ಕೈಗೆ ಹಾಕಿಕೊಳ್ತಾ ನಿಂತ.

"ಅಕ್ಕಾವ್ರೇ, ಟೈಲರ್ ಹೇಳಿಟ್ಟಿದ್ರು. ನಿನ್ನೆ ಬಂತು. ಸ್ಪೈರಲ್ ಬ್ಲೇಡು."

"ಅದೇನಪ್ಪ ಅದು?" ಕಾಜದವನು ಕತ್ತು ಚಾಚಿದ. "ನಂಗೂ ಹೇಳ್ಲಿಲ್ಲ ಆ ಗುಟ್ಟಿನ ಗಂಟು. ನಾನು ಬಂದ್ರೆ ಕೋಣೆ ಬಾಗಿಲು ಹಾಕಿಬಿಡೋನು. ಹೆಂಗಸನ್ನ ಬಚ್ಚಿಟ್ಟಿದ್ದೀಯೇನೋ ಅಂದ್ರೆ, ಹೂಂ ಕಣೋ ಅನ್ನೋನು."

"ಅಕ್ಕಾವ್ರಿಗೆ ಗೊತ್ತಿಲ್ವಾ?" ಅಂದ ಅಂಗಡಿಯವನು. ಅಕ್ಕ ತಲೆ ಅಲ್ಲಾಡಿಸಿದ್ಲು. ಅವನು ಅವಳ ಕಾಲ ಹತ್ರ ನೆಲದ ಮೇಲೇ ಕೂತ.

*

ಹೊಲಿಗೆ ಬಿಟ್ಟು ಅಂಗಡಿ ಮುಚ್ಚಿದ ಮೇಲೆ ಟೈಲರನ ಕಾಲು ಸುಮ್ಮನಿರ್ತಿರಲಿಲ್ಲ. ಊಟಕ್ಕೆ ಕೂತ್ರೂ ಮೇಜಿನ ಕೆಳಗೆ ಪೆಡಲ್ ತುಳಿಯೋನು. ಮೊಳೆ ತಗೊಳ್ಳೋಕೆ ಹೋದಾಗ ಹಾರ್ಡ್‌ವೇರ್ ಅಂಗಡೀಲಿ ಸ್ಕ್ರಾಲ್ ಸಾ ಅನ್ನೋ ಮರ ಕೊಯ್ಯೋ ಮಿಷನ್ ಕಂಡ, ಮನೆಗೆ ತಂದ. ನೋಡೋಕೆ ಹೊಲಿಗೆ ಮಿಷನ್ನಿನ ದಾಯಾದಿ. ಅದೇ ಕತ್ತು, ಅದೇ ಉದ್ದ ತೋಳು, ಕಾಲಿಗೆ ಪೆಡಲ್ಲು. ಸೂಜಿ ಇರೋ ಕಡೆ ದಾರದಷ್ಟು ಸಣ್ಣ ಗರಗಸ, ಮೇಲೆ ಕೆಳಗೆ, ಮೇಲೆ ಕೆಳಗೆ.

ಮೊದಲು ಚಪ್ಪಟೆ ಬ್ಲೇಡು. ಅದಕ್ಕೆ ಒಂದೇ ಕಡೆ ಹಲ್ಲು, ಹಾಗಾಗಿ ಹಲಗೇನೇ ತಿರುಗಿಸಿ ತಿರುಗಿಸಿ ಅದರ ಬಾಯಿಗೆ ಕೊಡಬೇಕು. ಜೀವಮಾನವಿಡೀ ಕಾಲರ್ ತಿರುಗಿಸಿದವನಿಗೆ ಅದೇನು ಮಹಾ! ಹಲಗೇಲಿ ಬಾತುಕೋಳಿ, ಆನೆ, ಮೀನು ಕೊಯ್ದು ತನ್ನ ಕೋಣೆ ಕಿಟಕಿ ತುಂಬಿಸಿದ. ಕೊಡೋಣ ಅಂದ್ರೆ ಮನೇಲಿ ಮಕ್ಕಳಿಲ್ಲ.

ಆಮೇಲೆ ಟೀವಿಯಷ್ಟು ಅಗಲದ ಹಲಗೆ ಕೊಂಡ. ತಿರುಗಿಸೋಕೆ ಹೋದ್ರೆ ಮೂಲೆ ಹೋಗಿ ಮಿಷನ್ನಿನ ಕತ್ತಿಗೆ ಬಡಿಯುತ್ತೆ. ಆಗ ಅಂಗಡಿಯವನು ಸ್ಪೈರಲ್ ಬ್ಲೇಡ್ ಕೊಟ್ಟ. ಹುರಿ ಹೊಸೆದ ಹಾಗೆ ತಿರುಚಿದ ತಂತಿ, ಸುತ್ತಲೂ ಹಲ್ಲು.

"ಇದಕ್ಕೆ ಹಲಗೆ ತಿರುಗಿಸಬಾರದು," ಅಂತ ಹೇಳಿಕೊಟ್ಟ. "ಹೇಗಿದೆಯೋ ಹಾಗೇ ಇಟ್ಟು ಮುಂದಕ್ಕೆ ತಳ್ಳಿ, ಹಿಂದಕ್ಕೆ ಎಳೀರಿ, ಪಕ್ಕಕ್ಕೆ ಸರಿಸಿ. ಯಾವ ಕಡೆ ಹೋದ್ರೂ ಕೊಯ್ಯುತ್ತೆ."

ಹೇಳೋದು ಸಲೀಸು. ಗೆರೆ ಬಗ್ಗಿದ ಕೂಡಲೇ ಟೈಲರನ ಕೈ ತಾನಾಗೇ ಹಲಗೆ ತಿರುಗಿಸೋದು. ಸೂಜಿ ಮುಂದೆ ಬಟ್ಟೆ ತಿರುಗಿಸಿದ ಕೈ ಅದು, ಬೇರೆ ವಿದ್ಯೆ ಒಲ್ಲೆ ಅನ್ನೋದು. ಬ್ಲೇಡು ಪಟ್ ಅಂತ ಮುರಿಯೋದು. ತಿರುಗಿಸದೆ ತಳ್ಳಿದ್ರೆ ಮರದ ಎಳೆ ಬ್ಲೇಡನ್ನ ತನ್ನ ಕಡೆ ಜಗ್ಗೋದು. ದುಂಡಗೆ ಕೊಯ್ತೀನಿ ಅಂತ ಹೊರಟಿದ್ದು ಆಲೂಗಡ್ಡೆ ಆಗೋದು, ಅಂಚಿಗೆಲ್ಲ ನಾರು ಏಳೋದು.

"ಕೈ ಕೇಳಲ್ಲಪ್ಪ," ಅಂತ ಮುರಿದ ಚೂರುಗಳನ್ನ ತಂದು ಕೌಂಟರಿನ ಮೇಲೆ ಸುರಿಯೋನು.

"ಮೊಣಕೈ ಪಕ್ಕೆಗೆ ಒತ್ಕೊಳ್ಳಿ. ಹಲಗೆ ಮೇಲೆ ಅಂಗೈ ಊರಿ. ಅವಸರ ಬೇಡ."

"ಅವಸರ ಯಾರಿಗಿದೆ?" ಅನ್ನೋನು ಟೈಲರ್. ಹೋಗೋ ಮುಂಚೆ ಇನ್ನೊಂದಿಷ್ಟು ಹೊತ್ತು ಅಲ್ಲೇ ನಿಂತಿರೋನು.

*

"ಕೊನೆಗೆ ಕೈ ಒಗ್ಗಿತು ಅಕ್ಕಾವ್ರೇ," ಅಂದ ಅಂಗಡಿಯವನು. "ಒಂದಿನ ಬಂದು ಏನಂದ್ರು ಗೊತ್ತಾ? ಹಲಗೆ ತಿರುಗಿಸ್ತಿದ್ದಿದ್ರೆ ಮುಖ ತಲೆಕೆಳಗಾಗೋದು, ಅಡ್ಡ ಆಗೋದು, ಯಾರದ್ದು ಅಂತಲೇ ತಿಳೀತಿರಲಿಲ್ಲ. ಈಗ ನೋಡಪ್ಪ, ಕೂತಷ್ಟು ಹೊತ್ತೂ ನೆಟ್ಟಗೆ ನನ್ನೆದುರಿಗೇ ಇರ್ತಾಳೆ ಅಂದ್ರು."

"ಯಾರು?" ಅಂದ್ಲು ಅಕ್ಕ.

"ನೀವೇ. ನಿಮ್ಮ ಫೋಟೋನ ಝೆರಾಕ್ಸ್ ಅಂಗಡೀಲಿ ದೊಡ್ಡದು ಮಾಡಿಸಿ ಹಲಗೆಗೆ ಅಂಟಿಸಿದ್ರಲ್ಲ. ಕಣ್ಣು, ಮೂಗು, ಕೂದಲು ಎಲ್ಲ ಆಯ್ತಂತೆ. ಬಾಯಿ ಮಾತ್ರ ಕೂಡ್ತಿಲ್ಲ, ಅಲ್ಲೇ ಬ್ಲೇಡ್ ಮುರೀತಿದೆ ಅಂತ ಇನ್ನೊಂದು ಪೊಟ್ಟಣ ತರಿಸೋಕೆ ಹೇಳಿದ್ರು."

"ಬಾಯಿ ಹೇಗಯ್ಯಾ ಕೂಡುತ್ತೆ?" ಅಂದ ಕಾಜದವನು. "ಅದು ಒಂದು ಗಳಿಗೆ ನಿಂತ್ರೆ ತಾನೆ ಗೆರೆ ಸಿಗೋದು!"

ಹೆಣದ ಮುಂದೆ ಕೂತವರೆಲ್ಲ ನಕ್ಕುಬಿಟ್ರು. ಪಕ್ಕದ ಮನೆಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬೇರೆ ದಿನವಾಗಿದ್ರೆ ಅಕ್ಕ ಅವನ ಗ್ರಹಚಾರ ಬಿಡಿಸ್ತಿದ್ದಳು. ಈಗ ಎದ್ದಳು, ಪೊಟ್ಟಣ ಇಸ್ಕೊಂಡಳು, ಬಾಗಿಲು ನೂಕಿ ಒಳಗೆ ಹೋಗಿ ಹಾಕಿಕೊಂಡಳು.

ಮಿಷನ್ನಿನ ಮೇಲೆ ಹಲಗೆ ಹಾಗೇ ಇತ್ತು. ಎತ್ತಿ ಬಿಸಾಕಿರಲಿಲ್ಲ.

ಅಕ್ಕನಿಗೆ ಟೈಲರ್ ಅಂಗಡಿ ನೆನಪಾಯ್ತು. ಮಧ್ಯಾಹ್ನ ಬುತ್ತಿ ತಗೊಂಡು ಹೋದಾಗ ತಮ್ಮ ಜಾಗದಲ್ಲಿ ಇರ್ತಿರಲಿಲ್ಲ. ಅವಳು ಯಾರನ್ನೂ ಕೇಳ್ತಿರಲಿಲ್ಲ, ಸೂಜಿ ನೋಡೋಳು. ಮನಸ್ಸು ಕೆಟ್ಟು ಎದ್ದು ಹೋದ್ರೆ ಸೂಜಿ ಮೇಲೆತ್ತಿ ಬಟ್ಟೆ ಎಳೆದು ಮೂಲೆಗೆ ಎಸೆದು ಹೋಗೋನು. ಚಹಾಗೆ ಹೋಗಿದ್ರೆ ಸೂಜಿ ಬಟ್ಟೆಯೊಳಗೇ ಇಳಿದು ನಿಂತಿರೋದು. ಆಗ ಅವಳು ಬುತ್ತಿ ಹಿಡ್ಕೊಂಡು ಕಾಯೋಳು. ಬರೋನು.

ಹಲಗೆಯ ಮುಖದಲ್ಲಿ ಬಾಯಿ ಒಂದು ತುದಿಯಿಂದ ಶುರುವಾಗಿ ನಡುವಿನ ತನಕ ಬಂದಿತ್ತು. ಅಲ್ಲಿ, ತುಟಿಯೊಳಗೆ, ಬ್ಲೇಡು ಬಿಗಿಯಾಗಿ ಇಳಿದು ನಿಂತಿತ್ತು.

ಅವಳು ಅವನ ಸ್ಟೂಲಿನ ಮೇಲೆ ಕೂತಳು. ಮರದ ಹುಡಿ ಒರೆಸಲಿಲ್ಲ. ಎದುರಿಗೆ ಅವಳೇ, ನೆಟ್ಟಗೆ, ಕಣ್ಣಿಗೆ ಕಣ್ಣಿಟ್ಟು. ಅಂಚಿಗೆಲ್ಲ ಸಣ್ಣ ನಾರು ಎದ್ದಿತ್ತು, ವಯಸ್ಸಾದ ಹೆಂಗಸಿನ ಗಲ್ಲದ ಕೂದಲ ಹಾಗೆ.

"ದೊಡ್ಡಮ್ಮಾ," ಹೊರಗಿಂದ ತಂಗಿ ಮಗ ಕೂಗಿದ. "ಗಾಡಿ ಬಂತು. ಹೊರಡಿಸೋಣ್ವಾ?"

ಅಕ್ಕ ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿದಳು. ಅಂಗೈ ಹಲಗೆ ಮೇಲೆ ಊರಿದಳು. ಕಾಲಲ್ಲಿ ಪೆಡಲ್ ಹುಡುಕಿ ತುಳಿದಳು.

ಗರಗರ ಅಂತು. ಹೊರಗೆ ಹೆಗಲು ಕೊಡೋಕೆ ಬಗ್ಗಿದವರು ಬಗ್ಗಿದ ಹಾಗೇ ಉಳಿದ್ರು. ಕಾಜದವನು ಗೆಳೆಯನ ಮುಖ ನೋಡಿದ, ಆಮೇಲೆ ಬಾಗಿಲು ನೋಡಿದ.

ಅವಳು ಹಲಗೆ ತಿರುಗಿಸಲಿಲ್ಲ, ತಳ್ಳಲೂ ಇಲ್ಲ. ಬ್ಲೇಡು ಅವನು ಬಿಟ್ಟ ಜಾಗದಲ್ಲೇ ಮೇಲೆ ಕೆಳಗೆ ಆಡ್ತಿತ್ತು, ಏನನ್ನೂ ಕೊಯ್ಯದೆ.