ಸರದಿ ಸಾಲಿನ ಅಧ್ಯಯನ

ಎಂ.ಎ. ಪ್ರಬಂಧಕ್ಕೆ ಪುಟ್ಟಿ ಆರಿಸಿಕೊಂಡ ವಿಷಯ ಕೇಳಿ ಅವಳಣ್ಣ ಕೈಮುಗಿದಿದ್ದ. ಉಳ್ಳವರಿಗೊಂದು, ಬಡವರಿಗೊಂದು ಚಿಕಿತ್ಸೆ ಯಾಕೆ, ಸರ್ಕಾರದ ನೀತಿ ಅದನ್ನು ಹೇಗೆ ಸರಿಪಡಿಸಬೇಕು ಎಂಬುದು ಆ ವಿಷಯ. "ಆಸ್ಪತ್ರೆ ಬೆಂಚಿನ ಮೇಲೆ ಕೂತು ಲೋಕೋದ್ಧಾರ ಮಾಡು ತಾಯಿ," ಎಂದಿದ್ದ. ಹಟಕ್ಕೆ ಬಿದ್ದ ಪುಟ್ಟಿ ಇಡೀ ಬೇಸಿಗೆ ಸರ್ಕಾರಿ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಮುಂದೆ ಕೂತು ಕಾಯುವವರನ್ನೆಲ್ಲ ಮಾತಾಡಿಸಿದಳು. ಗುರುತಿದ್ದವರಿಗೆ ಬಾಗಿಲು, ಇಲ್ಲದವರಿಗೆ ಬೆಂಚು ಎಂದು ಮೂರನೇ ಅಧ್ಯಾಯದಲ್ಲಿ ಖಾರವಾಗಿಯೇ ಬರೆದಳು. ಗೈಡ್ ಮೇಡಂ ಶಹಬ್ಬಾಸ್ ಎಂದರು.

ಅಷ್ಟರಲ್ಲಿ ಅಮ್ಮನಿಗೆ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನಿಂಗ್ ಚೀಟಿ ಹಿಡಿದು ಅದೇ ಕೋಣೆಯ ಮುಂದೆ ಬರುವಾಗ ಮಧ್ಯಾಹ್ನ ಹತ್ತಿರವಾಗಿತ್ತು. ಪುಟ್ಟಿ ನಿಯಮದಂತೆ ಅಮ್ಮನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದಳು. ಗುಮಾಸ್ತರು ಕಿಟಕಿಯಿಂದ ಕತ್ತು ಹೊರಹಾಕಿದರು.

"ಏನಮ್ಮಾ, ನೀವು ಇಲ್ಲಿ ಕಾಯೋದಾ? ಇವರು ನಿಮ್ಮಮ್ಮನಾ? ಒಳಗೆ ಕರ್ಕೊಂಡು ಬನ್ನಿ."

ಬೇಡ ಎನ್ನಲು ಪುಟ್ಟಿ ಬಾಯಿ ತೆರೆದಳು. ಅಮ್ಮ ಹಲ್ಲು ಕಚ್ಚಿ ನೋವು ನುಂಗುತ್ತಿದ್ದಳು. ತೆರೆದ ಬಾಯಿ ಹಾಗೇ ಮುಚ್ಚಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಸಾಲಿನ ಅನ್ಯಾಯವನ್ನು ಬರೆಯಲು ಬಂದು ಸಂಪಾದಿಸಿದ ಗುರುತೇ ಅವಳನ್ನು ಸಾಲು ದಾಟಿಸಿತ್ತು.

ಅಮ್ಮನ ಸ್ಕ್ಯಾನಿಂಗ್ ಮುಗಿಯಿತು. ಹೊರಗೆ ಮೊದಲ ಬೆಂಚಿನಲ್ಲೇ, ಬೇಸಿಗೆಯಲ್ಲಿ ಇಲ್ಲೇ ಪರಿಚಯವಾಗಿದ್ದ ಹೊಲಿಗೆಯಾಕೆ ಕೂತಿದ್ದಳು. ಪುಟ್ಟಿಯ ಮೂರನೇ ಅಧ್ಯಾಯದ ಅರ್ಧ ಆಕೆಯ ಮಾತೇ. ಅಮ್ಮ ಒಳಗೆ ಹೋದದ್ದು ಆಕೆಯ ಸರದಿಯಲ್ಲೇ. ಪುಟ್ಟಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆಕೆಗೆ ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು.

"ಅಮ್ಮಂದು ಆಯ್ತಾ ಮೇಡಂ? ಒಳ್ಳೇದಾಯ್ತು. ಹಾಗೇ ನಂದೂ ಒಂದು ಮಾತು ಹೇಳ್ತೀರಾ? ಎರಡು ಸಲ ವಾಪಸ್ ಹೋಗಿದೀನಿ. ಹೊಲಿಗೆ ಮೆಷಿನ್ ಮುಂದೆ ಕೂರೋಕೇ ಆಗ್ತಿಲ್ಲ."

ಪುಟ್ಟಿ ಕಿಟಕಿಗೆ ಓಡಿದಳು. ಹೊಲಿಗೆಯಾಕೆ ಹೊಟ್ಟೆ ಹಿಡಿದುಕೊಂಡು ಹಿಂದೆಯೇ ಬಂದಳು.

"ಡಾಕ್ಟ್ರು ಹೊರಟು ನಿಂತಿದಾರಲ್ಲಮ್ಮಾ," ಎಂದು ಗುಮಾಸ್ತರು ತಲೆ ಕೆರೆದುಕೊಂಡರು. "ನಿಮ್ಮವರಾದ್ರೆ ಹೇಗಾದ್ರೂ ಮಾಡಿ ಕೇಳ್ತೀನಿ. ಅವರು ನಿಮಗೇನಾಗ್ಬೇಕು?"

ಅಕ್ಕ ಎನ್ನಬಹುದಿತ್ತು. ದೊಡ್ಡಮ್ಮನ ಮಗಳು ಎಂದಿದ್ದರೂ ಯಾರೂ ವಂಶವೃಕ್ಷ ಕೇಳುತ್ತಿರಲಿಲ್ಲ. ಆದರೆ ಅಮ್ಮನ ಹೊತ್ತಿನಲ್ಲಿ ನಾಪತ್ತೆಯಾಗಿದ್ದ ಪ್ರಾಮಾಣಿಕತೆ ಈಗ ಎಲ್ಲಿಂದಲೋ ಓಡೋಡಿ ಬಂತು.

"ನನಗೇನೂ ಆಗಬೇಕಿಲ್ಲ," ಎಂದಳು ಪುಟ್ಟಿ. "ಆದ್ರೆ ಸರದಿ ಅವರದೇ ಅಲ್ವಾ ಸಾರ್?"

"ಹಾಗಾದ್ರೆ ನಾಳೆ ಬರ್ಲಿ ಬಿಡಿ."

ಕಿಟಕಿ ಮುಚ್ಚಿತು. ತನ್ನಮ್ಮನಿಗಾಗಿ ನಿಯಮ ಮುರಿದವಳು, ಈ ಹೆಂಗಸಿಗಾಗಿ ಒಂದು ಸುಳ್ಳು ಹೇಳಲಾರದೆ ಹೋಗಿದ್ದಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಹೊಲಿಗೆಯಾಕೆ ಬೆಂಚಿನ ಮೇಲಿದ್ದ ಚೀಲ ಹೆಗಲಿಗೇರಿಸಿದಳು.

"ಅಕ್ಕ ಅಂತ ಅಂದಿದ್ರೂ," ಎಂದಳು ಮೆಲ್ಲಗೆ, "ನಾನೇನೂ ನಿಮ್ಮನೆಗೆ ಬಂದುಬಿಡ್ತಿರಲಿಲ್ಲ ಮೇಡಂ."