ಗಂಟಿಲ್ಲದ ಬಲೆ

ಪಾಪಯ್ಯ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು, ಬೆರಳ ತುದಿಯಿಂದ ಒಂದೊಂದು ಎಳೆಯನ್ನೂ ಸವರುತ್ತಿದ್ದ. ಪೊರೆ ಬಂದ ಕಣ್ಣಿಗಿಂತ ಅವನಿಗೆ ಬೆರಳಿನ ಮೇಲೆಯೇ ನಂಬಿಕೆ. ಹರಿದಿದ್ದ ಜಾಗ ಕೈಗೆ ಸಿಗದೆ ನಕ್ಕುಬಿಟ್ಟ.

“ಎಲ್ಲಿ ಕಟ್ಟಿದೀಯಪ್ಪಾ ಲಿಂಗಯ್ಯ? ಗಂಟೇ ಸಿಗಾಕಿಲ್ವಲ್ಲ.”

“ಹಾಕಿದ್ರೆ ತಾನೆ ಸಿಗೋದು,” ಎಂದ ರಾಮಲಿಂಗಯ್ಯ. “ಗಂಜಿ ಸವರಿ, ಬೂದಿ ಮುಟ್ಟಿ, ಎರಡು ಎಳೆ ಸೇರಿಸಿ ಹುರಿ ಮಾಡಿದೀನಿ. ಮಗ್ಗದಲ್ಲಿ ಗಂಟಿದ್ರೆ ಹಣಿಗೆಗೆ ಸಿಕ್ಕಿ ನೂಲು ಕಡ್ದೋಗುತ್ತೆ. ನಮ್ಮಲ್ಲಿ ಗಂಟು ಹಾಕೋನನ್ನ ನೇಕಾರ ಅನ್ನಲ್ಲ.”

“ನೋಡ್ಲಾ ರಾಯಪ್ಪ, ಕೈ ಅಂದ್ರೆ ಇದು. ನಿಂದು ರಾಗಿ ಹೊರೆ ಕಟ್ಟೋ ಕೈ. ನಿನ್ ಗಂಟು ಕಂಡ್ರೆ ಮೀನೇ ಹೆದರ್ಕಂಡು ಓಡೋಯ್ತವೆ.”

ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ವೆಂಕಟರಾಯಪ್ಪ ನಗಲಿಲ್ಲ. ಆ ಗಂಟನ್ನು ಕಲಿಸಿದವನು ಪಾಪಯ್ಯನೇ. ಕಲಿಸಿದ ದಿನ ಬೆನ್ನು ತಟ್ಟಿ, ಬೆಸ್ತರ ಮನೆಯಲ್ಲಿ ಹುಟ್ಟಬೇಕಿತ್ತು ನೀನು ಎಂದಿದ್ದ.

ದೊಡ್ಡಬಳ್ಳಾಪುರದಾಚೆಯ ಆ ಕೆರೆಯ ನಡುವೆ, ಹೂಳೆತ್ತಿದವರು ಸುರಿದುಹೋದ ಮಣ್ಣಿನ ದಿಬ್ಬವೊಂದಿತ್ತು. ಹಿಂದಿನ ವರ್ಷದ ಮಳೆ ಚೆನ್ನಾಗಿದ್ದುದರಿಂದ ಬೇಸಿಗೆಯಲ್ಲೂ ಅದರ ಸುತ್ತ ನೀರು ನಿಂತಿತ್ತು. ಮೀನಿನ ಗುತ್ತಿಗೆ ಹಿಡಿದಿದ್ದ ನರೇಶ್ ಅಲ್ಲೊಂದು ಗುಡಿಸಲು ಹಾಕಿಸಿದ. ಬಲೆ ಬಿಡಲು ಪಾಪಯ್ಯ, ಕಾವಲಿಗೆ ವೆಂಕಟರಾಯಪ್ಪ. ಇಬ್ಬರಿಗೂ ಅದಕ್ಕೆ ಮುಂಚೆ ಮುಖಪರಿಚಯವೂ ಇರಲಿಲ್ಲ.

ದೇವನಹಳ್ಳಿ ಕಡೆಯ ಜಮೀನು ಮಾರಿದ ಮೇಲೆ ಅಣ್ಣತಮ್ಮಂದಿರೊಡನೆ ಮಾತು ಬಿಟ್ಟಿದ್ದ ವೆಂಕಟರಾಯಪ್ಪನಿಗೆ, ಬಹಳ ಕಾಲದ ಮೇಲೆ ತನ್ನ ಮಾತಿಗೆ ನಗುವವನೊಬ್ಬ ದೊರೆತಿದ್ದ. ತೆಪ್ಪ ನಡೆಸಲು ಕಲಿತ. ಸಂಜೆ ಒಂದೇ ಬೀಡಿಯನ್ನು ಇಬ್ಬರೂ ಸೇದುತ್ತಿದ್ದರು. ಈ ವಯಸ್ಸಿನಲ್ಲಿ ಇಷ್ಟು ದೊರೆತದ್ದೇ ಹೆಚ್ಚು ಎಂದು ಅವನು ತನ್ನೊಳಗೆ ಒಪ್ಪಿಕೊಂಡಿದ್ದ.

ಯುಗಾದಿ ಕಳೆದ ಮೇಲೆ ಬಲೆಯ ಹರಕು ಕಟ್ಟಲು ರಾಮಲಿಂಗಯ್ಯ ಬಂದ. ಮಗ್ಗಗಳನ್ನು ಗುಜರಿಗೆ ಹಾಕಿದಂದಿನಿಂದ ಮನೆಯ ಹೊಸಿಲು ದಾಟದೆ ಕುಳಿತಿದ್ದ ನೇಕಾರ. ನೀರೆಂದರೆ ಭಯ, ತೆಪ್ಪದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ. ಅಂಥವನ ಬೆರಳಿಗೆ ಪಾಪಯ್ಯ ಮರುಳಾದ. ಮೀನಿನ ತಲೆಯ ಭಾಗವೂ ಬೀಡಿಯ ಎರಡನೆಯ ದಮ್ಮೂ ಈಗ ಆ ಕಡೆಗೆ ಹೋಗುತ್ತಿದ್ದವು. ಇಬ್ಬರಿದ್ದಾಗ ಮಾತಿನಲ್ಲಿ ಅರ್ಧ ವೆಂಕಟರಾಯಪ್ಪನದಾಗಿತ್ತು. ಮೂವರಾದ ಮೇಲೆ ಮೂರರಲ್ಲೊಂದು ಪಾಲೂ ಉಳಿಯಲಿಲ್ಲ.

“ನಾಳೆ ದೊಡ್ಡ ಬಲೆ ಎತ್ತೋದು,” ಎಂದ ಪಾಪಯ್ಯ, ರಾಮಲಿಂಗಯ್ಯ ನೀರು ತರಲು ದಿಬ್ಬದ ಆ ಬದಿಗೆ ಹೋದಾಗ. “ಇವ್ನು ಕಟ್ಟಿದ್ದು ತಡೆದ್ರೆ ಕೆಲ್ಸಕ್ಕೆ ಮಡೀಕತ್ತೀನಿ, ಇಲ್ಲಾಂದ್ರೆ ಕಳಿಸ್ಬಿಡ್ತೀನಿ ಅಂದವ್ನೆ ನರೇಶಪ್ಪ. ಇಲ್ಲೂ ಆಗ್ಲಿಲ್ಲ ಅಂದ್ರೆ ಇವ್ನು ಮತ್ತೆ ಮನೆಯಿಂದ ಈಚ್ಗೆ ಬರಾಕಿಲ್ಲ ಕಣ್ಲಾ. ನಂಗೆ ಕಣ್ಣು ಕಾಣಾಕಿಲ್ಲ. ನೀನೊಂದ್ಸಲ ನೀರ್ಗೆ ಹಾಕಿ ಎಳ್ದು ನೋಡ್ಬಿಡು.”

ವೆಂಕಟರಾಯಪ್ಪ ಬಲೆಯ ಮೂಲೆಯೊಂದನ್ನು ನೀರಿನ ಅಂಚಿಗೆ ಒಯ್ದು ಅದ್ದಿ ಹಿಡಿದ. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಎಳೆದ. ಗಂಜಿ ಕರಗಿ ಹುರಿ ಸಡಿಲವಾಗಿ, ಎರಡು ಎಳೆಗಳು ಸದ್ದಿಲ್ಲದೆ ಬೇರೆಯಾದವು. ಮತ್ತೊಂದನ್ನು ಎಳೆದ. ಅದೂ ಹಾಗೆಯೇ.

ಅವನು ಬಲೆಯನ್ನು ಮಡಿಸಿ ತಂದ.

“ಹೆಂಗೈತ್ಲಾ?” ಎಂದ ಪಾಪಯ್ಯ.

“ಸರಿಯಾಗೈತೆ,” ಎಂದ ವೆಂಕಟರಾಯಪ್ಪ.

ಅಂದು ಸಂಜೆ ಬಲೆ ಬಿಟ್ಟರು. ಬೆಳಗಾಗುತ್ತಲೇ ನರೇಶ್ ಏರಿಯ ಮೇಲೆ ಗಾಡಿ ನಿಲ್ಲಿಸಿ, ಇನ್ನೊಂದು ತೆಪ್ಪದಲ್ಲಿ ಬಂದ. ಬಲೆ ಎತ್ತಿದಾಗ ಬಹಳ ಹಗುರವಾಗಿತ್ತು. ಕಟ್ಟಿದ್ದಲ್ಲೆಲ್ಲ ತೆರೆದುಕೊಂಡು, ಕೆಲವು ಸಣ್ಣ ಮೀನು ಮಾತ್ರ ಸಿಕ್ಕಿಕೊಂಡಿದ್ದವು.

“ಯಾರ್ ಕಟ್ಟಿದ್ದು ಇದನ್ನ?” ನರೇಶ್ ದನಿಯೇರಿಸಲಿಲ್ಲ.

ರಾಮಲಿಂಗಯ್ಯ ಬಾಯಿ ತೆರೆದ. ಅಷ್ಟರಲ್ಲಿ ಪಾಪಯ್ಯ ಬಲೆಯನ್ನು ತನ್ನೆಡೆಗೆ ಎಳೆದುಕೊಂಡ.

“ನಾನೇ ಕಣಪ್ಪ. ಅವ್ನು ಕಟ್ತೀನಿ ಅಂದ, ನಾನೇ ಬಿಡ್ಲಿಲ್ಲ. ಕಣ್ಣು ಮಂಜು, ಎಲ್ಲೋ ತಪ್ಪೋಗೈತೆ.”

“ಕಣ್ಣು ಕಾಣಲ್ಲ ಅಂದ್ರೆ ನೀರಿನ ಮೇಲೆ ಯಾಕಿರ್ತೀಯ ಪಾಪಣ್ಣ? ನಾಳೆ ಇನ್ನೇನಾದ್ರೂ ಆದ್ರೆ ನನ್ ತಲೆಗೆ ಬರುತ್ತೆ. ನಡಿ, ನಾನು ಗುತ್ತಿಗೆ ಹಿಡಿದಿರೋ ಹೊಸಕೋಟೆ ಕೆರೇಲಿ ದಡದ ಮೇಲೆ ಮೀನು ತೂಗ್ತಾ ಕೂತ್ಕೋ. ಇವರಿಬ್ರೂ ಇಲ್ಲಿ ನೋಡ್ಕೊಳ್ಳಿ.”

‘ನಾನು ನೋಡಿ ಸರಿಯಾಗಿದೆ ಎಂದಿದ್ದೆ.’ ಅಷ್ಟು ಹೇಳಿಬಿಡಬೇಕೆಂದುಕೊಂಡ ವೆಂಕಟರಾಯಪ್ಪ. ಪಾಪಯ್ಯ ತನ್ನ ಕಡೆ ತಿರುಗಬಹುದೆಂದು ಕಾದ. ಪಾಪಯ್ಯ ತಿರುಗಲಿಲ್ಲ. ಕಂಬಳಿ, ಬೀಡಿಕಟ್ಟು ಎತ್ತಿಕೊಂಡು ನರೇಶನ ತೆಪ್ಪಕ್ಕೆ ಇಳಿದ ಮೇಲಷ್ಟೇ ಮಾತಾಡಿದ.

“ತೆಪ್ಪ ನಿಂಗೇ ಬಿಟ್ಟೀವ್ನಿ ರಾಯಪ್ಪ. ಲಿಂಗಯ್ಯಂಗೆ ನೀರಂದ್ರೆ ಭಯ. ಅವ್ನು ಕೂತಾಗ ಹುಟ್ಟು ನಿಧಾನಕ್ಕೆ ಹಾಕು.”

ಹೋಗುವಾಗಲೂ ರಾಮಲಿಂಗಯ್ಯನದೇ ಚಿಂತೆ. ವೆಂಕಟರಾಯಪ್ಪನ ಹೊಟ್ಟೆಯೊಳಗಿನ ಕಿಚ್ಚು ಆ ಗಳಿಗೆಯಲ್ಲೂ ಒಮ್ಮೆ ಎದ್ದಿತು. ಅದಕ್ಕಾಗಿಯೇ ಅವನಿಗೆ ನಾಚಿಕೆಯಾಯಿತು.

ಬಿಸಿಲೇರಿತು. ಇಬ್ಬರೂ ಗುಡಿಸಲಿನ ನೆರಳಿನಲ್ಲಿ ಬೇರೆ ಬೇರೆ ಕಡೆ ಮುಖ ಮಾಡಿ ಕುಳಿತಿದ್ದರು. ಕೊನೆಗೆ ರಾಮಲಿಂಗಯ್ಯ ಬಲೆಯನ್ನು ಎಳೆದುಕೊಂಡು ಹತ್ತಿರ ಬಂದ.

“ನೀವು ನಿನ್ನೆ ಎಳೆದು ನೋಡ್ದಾಗ ಎಳೆ ಬಿಟ್ಕೊಂಡಿದ್ದು ನೀರು ತರ್ತಾ ನಾನೂ ಕಂಡೆ,” ಎಂದ. “ನಿಮಗೆ ಗೊತ್ತಿರೋ ಕೆಲಸ, ನೀವೇ ಗಂಟು ಹಾಕಿರ್ತೀರಿ ಅಂದ್ಕೊಂಡೆ. ಕೇಳೋಕೆ ಸಂಕೋಚ ಆಯ್ತು.”

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ವೆಂಕಟರಾಯಪ್ಪನಿಗೆ ಉತ್ತರಿಸುವುದು ಸುಲಭವಾಗುತ್ತಿತ್ತು.

“ತೋರಿಸ್ಕೊಡಿ. ಇನ್ಮೇಲೆ ನಾನೇ ಹಾಕ್ತೀನಿ.”

ವೆಂಕಟರಾಯಪ್ಪ ಎರಡು ಎಳೆಗಳನ್ನು ಹಿಡಿದು, ಒಂದನ್ನು ಬಳಸಿ, ಇನ್ನೊಂದರ ಕೆಳಗಿನಿಂದ ತೂರಿಸಿ, ನಿಧಾನವಾಗಿ ಬಿಗಿದ. ಒಮ್ಮೆ ತಪ್ಪಿತು. ಬಿಚ್ಚಿ ಮತ್ತೆ ಹಾಕಿದ. ಉಬ್ಬಿದ, ಒರಟಾದ ಗಂಟು.

ರಾಮಲಿಂಗಯ್ಯ ಅದನ್ನು ಕೈಗೆ ತೆಗೆದುಕೊಂಡ. ಅಂಜುತ್ತ ನೀರಿನ ಅಂಚಿನವರೆಗೆ ನಡೆದು, ಕುಕ್ಕುರುಗಾಲಿನಲ್ಲಿ ಕುಳಿತು, ಗಂಟನ್ನು ಅದ್ದಿ ಹಿಡಿದುಕೊಂಡ. ಅದು ನೀರಿನಲ್ಲಿ ತಡೆಯುತ್ತದೆಯೇ ಎಂದು ಈ ಸಲ ತಾನೇ ನೋಡಲು ಕಾದ. ವೆಂಕಟರಾಯಪ್ಪ ಕುಳಿತಲ್ಲಿಂದ ಅವನ ಬೆನ್ನನ್ನು ನೋಡುತ್ತಿದ್ದ.